ಟಗಾಲೊಗ್ ಭಾಷೆಯಲ್ಲಿ ‘ಬೇಕು’, ‘ಬಹುದು’, ‘ಬಾರದು’: ಕರ್ತವ್ಯ, ಅಗತ್ಯ ಮತ್ತು ಅನುಮತಿಯನ್ನು ಹೇಳುವ ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ‘ನಾನು ಹೋಗಬೇಕು’ ಎಂದರೆ ಹೋಗುವ ಆಸೆಯಿದೆ ಎಂದೂ ಆಗಬಹುದು, ಹೋಗದೆ ಗತ್ಯಂತರವಿಲ್ಲ ಎಂದೂ ಆಗಬಹುದು, ಹೋಗುವುದು ನನ್ನ ಕರ್ತವ್ಯ ಎಂದೂ ಆಗಬಹುದು. ಮೂರರಲ್ಲಿ ಯಾವುದು ಎಂಬುದನ್ನು ಸಂದರ್ಭವೇ ಹೇಳುತ್ತದೆ. ಟಗಾಲೊಗ್ ಈ ಕೆಲಸವನ್ನು ಸಂದರ್ಭಕ್ಕೆ ಬಿಡುವುದಿಲ್ಲ. ಆಸೆಗೆ ‘ಗುಸ್ತೊ’, ಅಗತ್ಯಕ್ಕೆ ‘ಕೈಲಾಙನ್’, ಕರ್ತವ್ಯಕ್ಕೆ ‘ದಾಪತ್’ ಎಂದು ಮೂರು ಪ್ರತ್ಯೇಕ ಪದಗಳನ್ನು ಇಟ್ಟುಕೊಂಡಿದೆ. ಈ ಪದಗಳನ್ನು ಬಾಯಿಪಾಠ ಮಾಡುವುದು ಸುಲಭ. ಕನ್ನಡಿಗರಿಗೆ ತೊಡಕಾಗುವುದು ಇವುಗಳ ಜೊತೆಯಲ್ಲಿ ಬರುವ ‘ನಾನು’, ‘ನೀನು’, ‘ಅವಳು’ ಎಂಬ ಸರ್ವನಾಮಗಳ ರೂಪ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪದಗಳ ಅರ್ಥಕ್ಕಿಂತ ಕರ್ತೃವಿನ ರೂಪಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ವೈದ್ಯಕೀಯ ಓದಲು ಫಿಲಿಪೀನ್ಸಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳಲ್ಲಿ ಕನ್ನಡಿಗರೂ ಇದ್ದಾರೆ. ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆ, ಹೋಟೆಲು, ಅಂಗಡಿಗಳಲ್ಲಿ ಫಿಲಿಪಿನೊ ಸಹೋದ್ಯೋಗಿಗಳ ಜೊತೆ ದುಡಿಯುವ ಕನ್ನಡಿಗರೂ ಬಹಳ. ರೋಗಿಗೆ ಸೂಚನೆ ಕೊಡುವುದು, ಒಳಗೆ ಬರಲು ಅಪ್ಪಣೆ ಕೇಳುವುದು, ಬೇಡವೆಂದು ನಯವಾಗಿ ಹೇಳುವುದು ಇವರಿಗೆಲ್ಲ ನಿತ್ಯದ ಕೆಲಸ. ಫಿಲಿಪೀನ್ಸಿನ 1987ರ ಸಂವಿಧಾನವು ‘ಫಿಲಿಪಿನೊ’ ಎಂಬ ಹೆಸರಿನಲ್ಲಿ ರಾಷ್ಟ್ರಭಾಷೆಯನ್ನು ಗುರುತಿಸಿದೆ. ಆ ಭಾಷೆಯ ತಳಹದಿ ಟಗಾಲೊಗ್ ಆಗಿರುವುದರಿಂದ ಇಲ್ಲಿ ಹೇಳಿದ್ದೆಲ್ಲ ಫಿಲಿಪಿನೊಗೂ ಸಲ್ಲುತ್ತದೆ.

ಉಚ್ಚಾರದ ಬಗ್ಗೆ ಎರಡು ಮಾತು

ಕವರ್ಗದ ಕೊನೆಯಲ್ಲಿ ನಾವು ಕಲಿತು, ಬಿಡಿಯಾಗಿ ಎಂದೂ ಬಳಸದ ‘ಙ’ ಅಕ್ಷರ ಟಗಾಲೊಗ್‌ನಲ್ಲಿ ಪದದ ಮೊದಲಲ್ಲೂ ನಡುವೆಯೂ ಕೊನೆಯಲ್ಲೂ ಬರುತ್ತದೆ. ‘ಕೈಲಾಙನ್’ ಎಂಬುದನ್ನು ‘ಕೈಲಾಂಗನ್’ ಎಂದು ಓದಬಾರದು. ಅಲ್ಲಿ ‘ಗ’ಕಾರದ ಸದ್ದು ಇಲ್ಲ. ಪದದ ನಡುವೆ ದೀರ್ಘಾಕ್ಷರ ಬರೆದಿರುವಲ್ಲಿ ಒತ್ತು ಇದೆಯೆಂದು ತಿಳಿಯಬೇಕು. ‘ಮಗ್‌ಆರಲ್’ ಎಂಬಂಥ ಪದಗಳಲ್ಲಿ ‘ಗ್’ ಮತ್ತು ‘ಆ’ ಕೂಡಿಕೊಂಡು ‘ಮಗಾರಲ್’ ಆಗುವುದಿಲ್ಲ; ನಡುವೆ ಗಂಟಲಿನಲ್ಲಿ ಸಣ್ಣ ತಡೆ ಇರುತ್ತದೆ. ಸಂಧಿ ಮಾಡಿ ಓದುವ ನಮ್ಮ ಅಭ್ಯಾಸವನ್ನು ಇಲ್ಲಿ ತಡೆಹಿಡಿಯಬೇಕು.

ಮೊದಲ ಹೆಜ್ಜೆ: ಯಾವ ಪದ ಎಂದು ತೀರ್ಮಾನಿಸುವುದು

ಕನ್ನಡದಲ್ಲಿ ‘ಬೇಕು’, ‘ಬಹುದು’, ‘ಬಾರದು’ ಕ್ರಿಯಾಪದದ ಕೊನೆಗೆ ಅಂಟಿಕೊಳ್ಳುತ್ತವೆ. ಟಗಾಲೊಗ್‌ನಲ್ಲಿ ಅದೇ ಭಾವದ ಪದ ವಾಕ್ಯದ ಮೊದಲಿಗೇ ಬರುತ್ತದೆ. ಹೇಳುವವನು ಮೊದಲು ಭಾವವನ್ನು ಮುಂದಿಟ್ಟು, ಅನಂತರ ಯಾರು, ಏನು ಎಂಬುದನ್ನು ಹೇಳುತ್ತಾನೆ. ಹೀಗಾಗಿ ಬಾಯಿ ತೆರೆಯುವ ಮೊದಲೇ ಇದು ಕರ್ತವ್ಯವೋ ಅಗತ್ಯವೋ ಅನುಮತಿಯೋ ಎಂದು ಮನಸ್ಸಿನಲ್ಲಿ ನಿಶ್ಚಯವಾಗಿರಬೇಕು.

ಹಾಗೆ ಮಾಡುವುದು ಸರಿ, ಮಾಡದಿದ್ದರೆ ತಪ್ಪು ಎಂಬ ಭಾವವಿದ್ದರೆ ‘ದಾಪತ್’. ಹಿರಿಯರ ಬುದ್ಧಿಮಾತು, ನೀತಿ, ನಿಯಮ, ನಿರೀಕ್ಷೆ ಎಲ್ಲಕ್ಕೂ ಇದು ಸಲ್ಲುತ್ತದೆ. ಕಾನೂನಿನ ಗಂಭೀರ ಭಾಷೆಯಲ್ಲೂ ಇದೇ ಪದ ನಿಲ್ಲುತ್ತದೆ: ಸಂವಿಧಾನದ ಮೂರನೆಯ ಅನುಚ್ಛೇದದ ಮೊದಲ ವಿಧಿ ಫಿಲಿಪಿನೊ ಪಾಠದಲ್ಲಿ ‘ಹಿನ್ದಿ ದಾಪತ್ ಅಲಿಸನ್ ನಙ್ ಬೂಹೈ’ ಎಂದು, ಅಂದರೆ ಯಾರ ಜೀವವನ್ನೂ ಕಿತ್ತುಕೊಳ್ಳಬಾರದು ಎಂಬ ನಿಷೇಧದೊಂದಿಗೆ ಆರಂಭವಾಗುತ್ತದೆ.

ಸರಿತಪ್ಪುಗಳ ಪ್ರಶ್ನೆಯಿಲ್ಲದೆ, ಪರಿಸ್ಥಿತಿಯೇ ಒತ್ತಾಯಿಸುತ್ತಿದ್ದರೆ ‘ಕೈಲಾಙನ್’. ಬಸ್ಸು ಹೊರಡುವ ಹೊತ್ತಾಯಿತು, ಜ್ವರ ಇಳಿಯುತ್ತಿಲ್ಲ, ಅರ್ಜಿಗೆ ಭಾವಚಿತ್ರ ಅಂಟಿಸದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂಬಂಥ ಕಡೆಗಳಲ್ಲಿ ಇದನ್ನು ಬಳಸಬೇಕು. ವೈದ್ಯರು ‘ದಾಪತ್ ಕಙ್ ಮತೂಲೊಗ್ ನಙ್ ಮಆಗಾ’ ಎಂದರೆ ಬೇಗ ಮಲಗುವುದು ನಿನಗೆ ಒಳ್ಳೆಯದು ಎಂಬ ಸಲಹೆ. ‘ಕೈಲಾಙನ್ ಮೊಙ್ ಮತೂಲೊಗ್ ನಙ್ ಮಆಗಾ’ ಎಂದರೆ ದೇಹಕ್ಕೆ ಅದು ಬೇಕೇ ಬೇಕು ಎಂಬ ಮಾತು. ದಿನಬಳಕೆಯಲ್ಲಿ ಈ ಗಡಿ ಅಲ್ಲಲ್ಲಿ ಮಸುಕಾಗುವುದುಂಟು. ಆದರೂ ಕಲಿಯುವವರು ಆರಂಭದಲ್ಲಿ ಭೇದವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದೇ ಒಳ್ಳೆಯದು.

‘ಕೈಲಾಙನ್’ ಪದಕ್ಕೆ ಇನ್ನೊಂದು ಶಕ್ತಿಯಿದೆ. ನಮ್ಮ ‘ಬೇಕು’ವಿನಂತೆ ಅದು ಕ್ರಿಯೆಯನ್ನು ಬಿಟ್ಟು ವಸ್ತುವನ್ನೂ ನೇರವಾಗಿ ತೆಗೆದುಕೊಳ್ಳುತ್ತದೆ. ‘ಕೈಲಾಙನ್ ಕೊ ನಙ್ ತೂಬಿಗ್’ ಎಂದರೆ ನನಗೆ ನೀರು ಬೇಕು. ‘ದಾಪತ್’ಗೆ ಇದು ಸಾಧ್ಯವಿಲ್ಲ, ಅದರ ಹಿಂದೆ ಕ್ರಿಯೆಯೋ ಸ್ಥಿತಿಯೋ ಇರಲೇಬೇಕು. ಬಾಯಾರಿಕೆಯ ತುರ್ತಿಲ್ಲದೆ, ಸುಮ್ಮನೆ ಕುಡಿಯುವ ಮನಸ್ಸಾಗಿದೆ ಎಂದಿದ್ದರೆ ‘ಗುಸ್ತೊ ಕೊ ನಙ್ ತೂಬಿಗ್’ ಎನ್ನಬೇಕು. ಕನ್ನಡದಲ್ಲಿ ಎರಡೂ ಕಡೆ ‘ನೀರು ಬೇಕು’ ಎಂದೇ ಹೇಳುವುದರಿಂದ ಈ ಆಯ್ಕೆಯನ್ನು ಪ್ರತಿ ಸಲವೂ ಪ್ರಜ್ಞಾಪೂರ್ವಕವಾಗಿ ಮಾಡಬೇಕಾಗುತ್ತದೆ.

ಅನುಮತಿಗೆ ಎರಡು ಪದಗಳಿವೆ: ಮಾತಿನಲ್ಲಿ ‘ಪುವೇದೆ’, ಗೌರವದ ಅಥವಾ ಬರಹದ ಭಾಷೆಯಲ್ಲಿ ‘ಮಅಅರಿ’. ಮೊದಲನೆಯದು ಸ್ಪ್ಯಾನಿಷ್ ಆಳ್ವಿಕೆಯ ಕಾಲದಲ್ಲಿ ಬಂದು ನೆಲೆಸಿದ ಪದ, ‘ಗುಸ್ತೊ’ ಕೂಡ ಹಾಗೆಯೇ. ಎರಡನೆಯದರಲ್ಲಿ ‘ಮ’ದ ಒಳಗಿನ ಅಕಾರವೂ ಸೇರಿ ಮೂರು ಅಕಾರಗಳಿದ್ದು, ಮೂರನ್ನೂ ಬಿಡಿಬಿಡಿಯಾಗಿ ಉಚ್ಚರಿಸಬೇಕು. ನಮ್ಮ ‘ಬಹುದು’ವಿನಂತೆಯೇ ಇವೆರಡೂ ಅನುಮತಿಯನ್ನೂ ಸಾಧ್ಯತೆಯನ್ನೂ ಹೇಳುತ್ತವೆ. ಶಕ್ತಿ ಸಾಮರ್ಥ್ಯದ ಮಾತಾದರೆ ‘ಕಾಯಾ’ ಎಂಬ ಬೇರೆ ಪದವಿದೆ. ಭಾರ ಎತ್ತಬಲ್ಲೆ ಎನ್ನುವಾಗ ಅದನ್ನು ಬಳಸುವುದು ಸ್ಪಷ್ಟ.

ಎರಡನೆಯ ಹೆಜ್ಜೆ: ಕೊಂಡಿ ಹಾಕುವುದು

ಭಾವದ ಪದವನ್ನೂ ಕ್ರಿಯಾಪದವನ್ನೂ ಜೋಡಿಸಲು ಟಗಾಲೊಗ್ ಒಂದು ಸಣ್ಣ ಕೊಂಡಿಯನ್ನು ಬಳಸುತ್ತದೆ. ಕೊಂಡಿಗೆ ಹಿಂದಿನ ಪದ ಸ್ವರದಲ್ಲಿ ಮುಗಿದರೆ ಅದಕ್ಕೆ ‘ಙ್’ ಸೇರುತ್ತದೆ: ‘ಪುವೇದೆ’ ಹೋಗಿ ‘ಪುವೇದೆಙ್’. ನಕಾರದಲ್ಲಿ ಮುಗಿದರೆ ಆ ನಕಾರವೇ ‘ಙ್’ ಆಗುತ್ತದೆ: ‘ಕೈಲಾಙನ್’ ಹೋಗಿ ‘ಕೈಲಾಙಙ್’. ಬೇರೆ ವ್ಯಂಜನವಿದ್ದರೆ ‘ನಾ’ ಎಂಬ ಬಿಡಿ ಪದ ಬರುತ್ತದೆ: ‘ದಾಪತ್ ನಾ’. ಮಾತಿನಲ್ಲಿ ‘ದಾಪತ್’ ನಂತರದ ‘ನಾ’ವನ್ನು ಬಹುತೇಕ ಬಿಟ್ಟೇಬಿಡುತ್ತಾರೆ. ನಡುವೆ ಸರ್ವನಾಮ ಬಂದರೆ ಕೊಂಡಿ ಆ ಸರ್ವನಾಮಕ್ಕೆ ಅಂಟುತ್ತದೆ; ‘ಕಾ’ ಎಂಬುದು ‘ಕಙ್’, ‘ಮೊ’ ಎಂಬುದು ‘ಮೊಙ್’, ‘ಅಕೊ’ ಎಂಬುದು ‘ಅಕೊಙ್’ ಆಗುವುದು ಹೀಗೆ.

ಕ್ರಿಯಾಪದವನ್ನು ಕಾಲಸೂಚಕವಿಲ್ಲದ ಮೂಲರೂಪದಲ್ಲೇ ಇಡಬೇಕು. ಆಜ್ಞೆ ಕೊಡುವಾಗ ಬಳಸುವ ರೂಪವೂ ಅದೇ ಆದ್ದರಿಂದ, ‘ತಿನ್ನು’ ಎಂದು ಹೇಳಲು ಬಂದವರಿಗೆ ‘ತಿನ್ನಬೇಕು’ ಎಂಬುದರ ಅರ್ಧ ಆಗಲೇ ಬಂದಂತಾಯಿತು.

ಮೂರನೆಯ ಹೆಜ್ಜೆ: ಕರ್ತೃವಿಗೆ ಸರಿಯಾದ ರೂಪ

ಟಗಾಲೊಗ್‌ನಲ್ಲಿ ಸರ್ವನಾಮಗಳಿಗೆ ಎರಡು ಮುಖ್ಯ ಸಾಲುಗಳಿವೆ. ಮೊದಲನೆಯದನ್ನು ‘ಆಙ್’ ಸಾಲು ಎನ್ನೋಣ: ಅಕೊ (ನಾನು), ಕಾ (ನೀನು), ಸಿಯಾ (ಅವನು, ಅವಳು), ಕಮಿ ಮತ್ತು ತಾಯೊ (ನಾವು), ಕಯೊ (ನೀವು), ಸಿಲಾ (ಅವರು). ಎರಡನೆಯದು ‘ನಙ್’ ಸಾಲು: ಕೊ, ಮೊ, ನಿಯಾ, ನಾಮಿನ್ ಮತ್ತು ನಾತಿನ್, ನಿನ್ಯೊ, ನಿಲಾ. ಇವು ಅದೇ ವ್ಯಕ್ತಿಗಳನ್ನು ಸೂಚಿಸುತ್ತವೆ, ಆದರೆ ವಾಕ್ಯದ ಗಮನ ಅವರ ಮೇಲೆ ಇಲ್ಲ ಎಂದು ತೋರಿಸುತ್ತವೆ.

ಗಮನ ಎಲ್ಲಿದೆ ಎಂಬುದನ್ನು ಕ್ರಿಯಾಪದದ ಪ್ರತ್ಯಯ ಹೇಳುತ್ತದೆ. ತಿನ್ನುವ ಧಾತು ‘ಕಾಇನ್’. ಅದರ ಒಳಗೆ ‘ಉಮ್’ ಸೇರಿ ‘ಕುಮಾಇನ್’ ಆದರೆ ಗಮನ ತಿನ್ನುವವರ ಮೇಲೆ; ಕೊನೆಗೆ ‘ಇನ್’ ಸೇರಿ ‘ಕಈನಿನ್’ ಆದರೆ ಗಮನ ತಿನ್ನುವ ವಸ್ತುವಿನ ಮೇಲೆ. ಇದನ್ನು ನಮ್ಮ ಕರ್ತರಿ, ಕರ್ಮಣಿ ಪ್ರಯೋಗಗಳ ಜೊತೆ ಹೋಲಿಸುವ ಮನಸ್ಸಾಗುತ್ತದೆ. ಹೋಲಿಸದಿರುವುದು ಲೇಸು. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಅಪರೂಪ, ಆಡುಮಾತಿನಲ್ಲಂತೂ ಕೃತಕ. ಟಗಾಲೊಗ್‌ನಲ್ಲಿ ವಸ್ತುವಿನ ಮೇಲೆ ಗಮನವಿಡುವ ವಾಕ್ಯಗಳು ಅತಿ ಸಹಜ. ನಿರ್ದಿಷ್ಟವಾದ, ಇಬ್ಬರಿಗೂ ಗೊತ್ತಿರುವ ವಸ್ತುವಿನ ಬಗ್ಗೆ ಮಾತಾಡುವಾಗ ಹೆಚ್ಚಾಗಿ ಬರುವುದು ಅದೇ.

ಈಗ ‘ದಾಪತ್’ ಮತ್ತು ‘ಪುವೇದೆ’ಗಳ ನಿಯಮ. ಇವು ತಮಗಾಗಿ ಯಾವ ರೂಪವನ್ನೂ ಬೇಡುವುದಿಲ್ಲ. ಮುಂದೆ ಬರುವ ಕ್ರಿಯಾಪದ ಬೇಡುವ ರೂಪವನ್ನೇ ಒಪ್ಪಿಕೊಳ್ಳುತ್ತವೆ. ‘ದಾಪತ್ ಕಙ್ ಕುಮಾಇನ್ ನಙ್ ಗೂಲೈ’ ಎಂದರೆ ನೀನು ತರಕಾರಿ ತಿನ್ನಬೇಕು, ಯಾವುದಾದರೂ ಸರಿ. ‘ದಾಪತ್ ಮೊಙ್ ಕಈನಿನ್ ಆಙ್ ಗೂಲೈ’ ಎಂದರೆ ತಟ್ಟೆಯಲ್ಲಿರುವ ಆ ತರಕಾರಿಯನ್ನೇ ತಿನ್ನಬೇಕು. ಮೊದಲನೆಯದರಲ್ಲಿ ‘ಕಾ’, ಎರಡನೆಯದರಲ್ಲಿ ‘ಮೊ’. ‘ಪುವೇದೆ ಕಙ್ ಉಮುವಿ’ (ನೀನು ಮನೆಗೆ ಹೋಗಬಹುದು) ಎಂಬಲ್ಲಿ ವಸ್ತುವೇ ಇಲ್ಲ, ಆದ್ದರಿಂದ ‘ಕಾ’ ಒಂದೇ ದಾರಿ.

‘ಕೈಲಾಙನ್’ ಮತ್ತು ‘ಗುಸ್ತೊ’ಗಳ ನಡತೆ ಬೇರೆ. ಇವುಗಳ ಬೆನ್ನಿಗೇ ಬರುವ ವ್ಯಕ್ತಿ, ಕ್ರಿಯಾಪದ ಯಾವುದೇ ಇರಲಿ, ‘ನಙ್’ ಸಾಲಿನಲ್ಲೇ ಇರುತ್ತಾನೆ. ‘ಉಮಲಿಸ್’ (ಹೊರಡು) ಎಂಬುದು ಕರ್ತೃವಿನ ಮೇಲೆ ಗಮನವಿಡುವ ಕ್ರಿಯಾಪದ. ಆದರೂ ‘ಕೈಲಾಙನ್ ಕೊಙ್ ಉಮಲಿಸ್’ ಎಂದೇ ಹೇಳಬೇಕು. ಅದೇ ಮಾತು ‘ದಾಪತ್’ನಲ್ಲಿ ‘ದಾಪತ್ ಅಕೊಙ್ ಉಮಲಿಸ್’ ಆಗುತ್ತದೆ. ಈ ಎರಡು ವಾಕ್ಯಗಳನ್ನು ಜೋಡಿಯಾಗಿ ಬಾಯಿಗೆ ಹತ್ತುವವರೆಗೆ ಹೇಳಿಕೊಳ್ಳಿ. ಇಡೀ ಪಾಠದಲ್ಲಿ ಒಂದೇ ಒಂದು ಜೋಡಿಯನ್ನು ನೆನಪಿಡುವುದಾದರೆ ಇದನ್ನೇ ನೆನಪಿಡಬೇಕು ಎನ್ನುವೆ.

ಕರ್ತೃವನ್ನು ಕ್ರಿಯಾಪದದ ಆಚೆಗೆ ತಳ್ಳಿದರೆ ಮಾತ್ರ ‘ಕೈಲಾಙನ್’ನ ಹಿಡಿತ ಸಡಿಲವಾಗುತ್ತದೆ. ‘ಕೈಲಾಙಙ್ ಉಮಲಿಸ್ ಅಕೊ’ ಎಂಬಲ್ಲಿ ‘ಅಕೊ’ ಈಗ ‘ಉಮಲಿಸ್’ನ ವಶ. ಹೆಸರುಗಳಲ್ಲೂ ಹೀಗೆಯೇ: ‘ಕೈಲಾಙನ್ ನಿ ಮರಿಯಾ ನಾ ಉಮಲಿಸ್’ ಮತ್ತು ‘ಕೈಲಾಙಙ್ ಉಮಲಿಸ್ ಸಿ ಮರಿಯಾ’ ಎರಡಕ್ಕೂ ಮರಿಯಾ ಹೊರಡಬೇಕಾಗಿದೆ ಎಂದೇ ಅರ್ಥ, ವ್ಯಕ್ತಿಯ ಹೆಸರಿಗೆ ‘ಸಿ’ ಎಂಬುದು ಆಙ್ ಸಾಲಿನ ಗುರುತು, ‘ನಿ’ ಎಂಬುದು ನಙ್ ಸಾಲಿನದು.

ಕನ್ನಡಿಗರು ಇಲ್ಲಿ ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ‘ನನಗೆ ಬೇಕು’ ಎಂಬ ಚತುರ್ಥಿಯ ಅಭ್ಯಾಸದಿಂದ, ‘ನನಗೆ’ ಎಂಬುದಕ್ಕೆ ಟಗಾಲೊಗ್‌ನ ‘ಸಾ ಆಕಿನ್’ ಎಂಬ ರೂಪವನ್ನು ತಂದು ‘ಕೈಲಾಙನ್’ ಜೊತೆ ಇಡುವ ಪ್ರವೃತ್ತಿ ತಾನಾಗಿಯೇ ಬರುತ್ತದೆ. ಅದು ತಪ್ಪು. ‘ಕೊ’ ಎಂಬ ರೂಪ ‘ನನ್ನ’ ಎಂಬ ಷಷ್ಠಿಯ ಅರ್ಥವನ್ನೂ ಕೊಡುತ್ತದೆ. ಆದ್ದರಿಂದ ‘ನನ್ನ ಅಗತ್ಯ’ ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸರಿಯಾದ ರೂಪ ಸುಲಭವಾಗಿ ಹೊಳೆಯುತ್ತದೆ.

ಎರಡು ‘ನಾವು’ಗಳ ವಿಷಯವನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಕರ್ತವ್ಯದ ಮಾತಿನಲ್ಲಿ ಅದರ ಪರಿಣಾಮ ದೊಡ್ಡದು. ‘ಕಮಿ’ ಎಂದರೆ ಕೇಳುಗನನ್ನು ಬಿಟ್ಟು ನಾವು. ‘ತಾಯೊ’ ಎಂದರೆ ಕೇಳುಗನೂ ಸೇರಿದ ನಾವು. ‘ದಾಪತ್ ತಾಯೊಙ್ ಉಮಲಿಸ್’ ಎಂದರೆ ಎದುರಿಗಿರುವವರೂ ಎದ್ದು ಹೊರಡಬೇಕು. ‘ದಾಪತ್ ಕಮಿಙ್ ಉಮಲಿಸ್’ ಎಂದರೆ ಅವರು ಕುಳಿತೇ ಇರಬಹುದು. ತುಳುವಿನ ‘ನಮ’ ಮತ್ತು ‘ಎಂಕುಲು’ ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ.

ನಾಲ್ಕನೆಯ ಹೆಜ್ಜೆ: ಕೇಳುವುದು, ಗೌರವದಿಂದ ಕೇಳುವುದು

ಪ್ರಶ್ನೆಗೆ ‘ಬಾ’, ಗೌರವಕ್ಕೆ ‘ಪೊ’. ಹಿರಿಯರು, ಅಪರಿಚಿತರು, ಅಧಿಕಾರಿಗಳು, ರೋಗಿಗಳ ಜೊತೆ ‘ಪೊ’ ಇಲ್ಲದೆ ಅನುಮತಿ ಕೇಳುವುದು ಒರಟಾಗಿ ಕೇಳಿಸುತ್ತದೆ. ಅಂಥವರನ್ನು ‘ಕಾ’ ಎನ್ನದೆ ‘ಕಯೊ’ ಎಂದು ಬಹುವಚನದಲ್ಲಿ ಕರೆಯುವುದೂ ನಮ್ಮ ‘ನೀವು’ವಿನಂತೆಯೇ. ಈ ಸಣ್ಣ ಪದಗಳಿಗೆ ಕಟ್ಟುನಿಟ್ಟಾದ ಸರದಿಯಿದೆ. ‘ಕಾ’, ‘ಕೊ’, ‘ಮೊ’ ಎಂಬ ಒಂದಕ್ಷರದ ಸರ್ವನಾಮಗಳು ಮೊದಲು, ಆಮೇಲೆ ‘ಈಗ, ಆಗಲೇ’ ಎಂಬರ್ಥದ ‘ನಾ’, ಆಮೇಲೆ ‘ಪೊ’, ಆಮೇಲೆ ‘ಬಾ’, ಕೊನೆಗೆ ‘ಅಕೊ’, ‘ಸಿಯಾ’, ‘ಕಮಿ’ ಮೊದಲಾದ ಎರಡಕ್ಷರದವು. ಕೊಂಡಿಯ ‘ಙ್’ ಈ ಗುಂಪಿನ ಕೊನೆಯ ಪದಕ್ಕೆ ಅಂಟುತ್ತದೆ.

‘ಪುವೇದೆ ಪೊ ಬಾ ಅಕೊಙ್ ಪುಮಾಸೊಕ್?’ ಎಂದರೆ ನಾನು ಒಳಗೆ ಬರಬಹುದೇ? ‘ಪುವೇದೆ ನಾ ಪೊ ಬಾ ಅಕೊಙ್ ಉಮಲಿಸ್?’ ಎಂದರೆ ನಾನಿನ್ನು ಹೊರಡಬಹುದೇ? ‘ಕೈಲಾಙನ್ ಕೊ ಪೊ ಬಙ್ ಮಗ್‌ಹಿನ್ತೈ?’ ಎಂದರೆ ನಾನು ಕಾಯಬೇಕೇ? ಮೂರನೆಯದರಲ್ಲಿ ‘ಕೊ’ ಮುಂದೆ ಬಂದು, ‘ಬಾ’ ಗುಂಪಿನ ಕೊನೆಗೆ ಉಳಿದದ್ದರಿಂದ ‘ಬಙ್’ ಆಯಿತು. ಸಹಾಯ ಕೇಳುವಾಗ ಇಬ್ಬರೂ ವಾಕ್ಯದೊಳಗೆ ಬರುತ್ತಾರೆ: ‘ಪುವೇದೆ ಮೊ ಬಾ ಅಕೊಙ್ ತುಲೂಙನ್?’ ಎಂದರೆ ನೀನು ನನಗೆ ಸಹಾಯ ಮಾಡಬಹುದೇ? ‘ಮೊ’ ಮಾಡುವವನು, ‘ಅಕೊ’ ಸಹಾಯ ಪಡೆಯುವವನು. ಈ ಒಂದು ವಾಕ್ಯದಲ್ಲಿ ಸರದಿಯ ನಿಯಮದ ಬಹುಭಾಗ ಅಡಗಿರುವುದರಿಂದ ಅಭ್ಯಾಸಕ್ಕೆ ಇದು ಬಹಳ ಒಳ್ಳೆಯದು.

ಒಪ್ಪಿಗೆಯ ಉತ್ತರ ‘ಓಪೊ, ಪುವೇದೆ ಪೊ’, ಸಲುಗೆಯಲ್ಲಿ ‘ಸೀಗೆ’. ‘ಬಹಾಲಾ ಕಾ’ ಎಂದರೂ ನಿನ್ನಿಷ್ಟ ಎಂದೇ ಅರ್ಥ. ಆದರೆ ಧ್ವನಿ ಬಿಗಿಯಾಗಿದ್ದರೆ ಅದು ಅನುಮತಿಯಲ್ಲ, ಅಸಮಾಧಾನ. ‘ಇಕಾವ್ ಆಙ್ ಬಹಾಲಾ’ ಎಂದಾಗ ಮಾತ್ರ ತೀರ್ಮಾನವನ್ನು ನಂಬಿಕೆಯಿಂದ ಒಪ್ಪಿಸಿದಂತೆ.

ಐದನೆಯ ಹೆಜ್ಜೆ: ಬೇಡ, ಬಾರದು, ಬೇಕಾಗಿಲ್ಲ

ಇಲ್ಲವೆನ್ನುವ ಪದ ‘ಹಿನ್ದಿ’. ನಮ್ಮ ದೇಶದ ಭಾಷೆಯೊಂದರ ಹೆಸರಿನಂತೆ ಕೇಳಿಸಿದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ವಾಕ್ಯದ ಮೊದಲಿಗೆ ಬಂದಾಗ ಸಣ್ಣ ಸರ್ವನಾಮಗಳೆಲ್ಲ ಹಾರಿ ಅದರ ಬೆನ್ನಿಗೆ ನಿಲ್ಲುತ್ತವೆ. ‘ದಾಪತ್ ಕಙ್ ಪುಮಾಸೊಕ್’ ಎಂಬುದು ‘ಹಿನ್ದಿ ಕಾ ದಾಪತ್ ಪುಮಾಸೊಕ್’ ಆಗುತ್ತದೆ.

ಅರ್ಥದ ಕಡೆ ನೋಡಿದರೆ ಇಲ್ಲಿ ಕನ್ನಡ ನಮ್ಮ ಕೈಹಿಡಿಯುತ್ತದೆ. ‘ಹಿನ್ದಿ ಕಾ ದಾಪತ್ ಪುಮಾಸೊಕ್’ ಎಂದರೆ ನೀನು ಒಳಗೆ ಬರಬಾರದು. ‘ಹಿನ್ದಿ ಮೊ ಕೈಲಾಙಙ್ ಪುಮಾಸೊಕ್’ ಎಂದರೆ ನೀನು ಒಳಗೆ ಬರಬೇಕಾಗಿಲ್ಲ, ಬಂದರೆ ತಪ್ಪೇನಿಲ್ಲ. ‘ಹಿನ್ದಿ ಕಾ ಪುವೇದೆಙ್ ಪುಮಾಸೊಕ್’ ಎಂದರೆ ನೀನು ಒಳಗೆ ಬರುವಂತಿಲ್ಲ. ‘ಹಿನ್ದಿ’ಯನ್ನು ಕ್ರಿಯಾಪದದ ಹತ್ತಿರಕ್ಕೆ ಒಯ್ದು ‘ಪುವೇದೆ ಕಙ್ ಹಿನ್ದಿ ಪುಮಾಸೊಕ್’ ಎಂದರೆ ನೀನು ಬರದೆಯೂ ಇರಬಹುದು, ಅಂದರೆ ಬಾರದಿರುವುದಕ್ಕೇ ಅನುಮತಿ. ಔಷಧದ ವಿಷಯದಲ್ಲಿ ‘ಕುಡಿಯಬಾರದು’ ಮತ್ತು ‘ಕುಡಿಯಬೇಕಾಗಿಲ್ಲ’ ಅದಲುಬದಲಾದರೆ ಅಪಾಯವಾಗುತ್ತದೆಯಾದ್ದರಿಂದ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಮೊದಲ ಎರಡು ವಾಕ್ಯಗಳ ಭೇದವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು.

ಎದುರಿಗಿರುವವರಿಗೆ ನೇರವಾಗಿ ಬೇಡವೆನ್ನಲು ‘ಹಿನ್ದಿ’ ಸಲ್ಲದು, ‘ಹುವಗ್’ ಬರಬೇಕು. ಅದರ ಜೊತೆಗೂ ಕರ್ತೃವಿನ ರೂಪ ಕ್ರಿಯಾಪದದ ಇಚ್ಛೆಯಂತೆ: ‘ಹುವಗ್ ಕಙ್ ಪುಮಾಸೊಕ್’ (ಒಳಗೆ ಬರಬೇಡ), ‘ಹುವಗ್ ಮೊಙ್ ಇನುಮಿನ್ ಇಯನ್’ (ಅದನ್ನು ಕುಡಿಯಬೇಡ). ಗಾಬರಿಯಾದ ರೋಗಿಗೆ ಹೇಳುವ ‘ಹುವಗ್ ಪೊ ಕಯೊಙ್ ಮಗ್‌ಅಲಲಾ’ (ಚಿಂತಿಸಬೇಡಿ) ಎಂಬ ವಾಕ್ಯವನ್ನು ಎಲ್ಲರೂ ಕಲಿತಿರಬೇಕು. ಇನ್ನು ‘ನನಗೆ ಬೇಡ’ ಎಂದು ನಿರಾಕರಿಸುವಾಗ ‘ಹುವಗ್’ ಬರುವುದಿಲ್ಲ. ಅದಕ್ಕೆ ‘ಆಯಾವ್ ಕೊ’, ಮಾತಿನಲ್ಲಿ ‘ಆಯೊಕೊ’. ನಮ್ಮ ‘ಬೇಡ’ ಎರಡನ್ನೂ ಹೇಳುವುದರಿಂದ ಇಲ್ಲಿಯೂ ನಾವು ಒಂದನ್ನು ಎರಡಾಗಿ ಒಡೆಯಬೇಕು.

ಸಾರ್ವಜನಿಕ ನಿಷೇಧಕ್ಕೆ ‘ಬಾವಲ್’. ಗೋಡೆ, ಬಾಗಿಲು, ಜೀಪ್ನಿ ಎಂಬ ಬಾಡಿಗೆ ವಾಹನಗಳ ಒಳಗೆ ಕಾಣುವುದು ಈ ಪದವೇ: ‘ಬಾವಲ್ ಮನಿಗರೀಲ್ಯೊ’ (ಧೂಮಪಾನ ನಿಷೇಧ), ‘ಬಾವಲ್ ಮಗ್‌ತಾಪೊನ್ ನಙ್ ಬಸೂರಾ ದೀತೊ’ (ಇಲ್ಲಿ ಕಸ ಎಸೆಯಬಾರದು). ಮನಿಲಾದ ದೊಡ್ಡ ರಸ್ತೆಗಳಲ್ಲಿ ಪ್ರಸಿದ್ಧವಾದ ಫಲಕವೊಂದು ‘ಬಾವಲ್ ತುಮವಿದ್, ಮೈ ನಮತೈ ನಾ ದೀತೊ’ ಎನ್ನುತ್ತದೆ. ರಸ್ತೆ ದಾಟಬಾರದು, ಇಲ್ಲಿ ಈಗಾಗಲೇ ಸಾವು ಸಂಭವಿಸಿದೆ ಎಂದು ಅರ್ಥ. ನಿಷೇಧವನ್ನು ಅದರ ಕಾರಣದೊಂದಿಗೆ ಇಷ್ಟು ಚಿಕ್ಕದಾಗಿ ಹೇಳಿದ ಫಲಕ ಬೇರೊಂದನ್ನು ನಾನು ಕಾಣೆ. ‘ಬಾವಲ್’ ಜೊತೆ ಮಾತ್ರ ನಮ್ಮ ಚತುರ್ಥಿ ಸರಿಹೊಂದುತ್ತದೆ: ‘ಬಾವಲ್ ಸಾ ಆಕಿನ್ ಆಙ್ ಮಆಲತ್’ ಎಂದರೆ ಉಪ್ಪಿನ ಪದಾರ್ಥ ನನಗೆ ನಿಷಿದ್ಧ. ಪಥ್ಯ ಹೇಳುವಾಗ ಬಹಳ ಉಪಯೋಗಕ್ಕೆ ಬರುವ ವಾಕ್ಯ.

ಆರನೆಯ ಹೆಜ್ಜೆ: ಆಗಿಹೋದದ್ದು, ಆಗಬೇಕಿದ್ದದ್ದು

‘ದಾಪತ್’ಗೆ ಕಾಲಭೇದವಿಲ್ಲ. ಅದರ ಮುಂದಿನ ಕ್ರಿಯಾಪದವನ್ನು ಮೂಲರೂಪದಿಂದ ಮುಗಿದ ಕ್ರಿಯೆಯ ರೂಪಕ್ಕೆ ಬದಲಿಸಿದರೆ ಅರ್ಥ ಹಿಂದಕ್ಕೆ ಹೋಗುತ್ತದೆ. ‘ದಾಪತ್ ಮಗ್‌ಆರಲ್ ಕಾ’ ಎಂದರೆ ನೀನು ಓದಬೇಕು. ‘ದಾಪತ್ ನಗ್‌ಆರಲ್ ಕಾ’ ಎಂದರೆ ನೀನು ಓದಬೇಕಿತ್ತು, ಓದಲಿಲ್ಲ. ‘ಸಾನಾ’ ಸೇರಿಸಿ ‘ದಾಪತ್ ಸಾನಾ ನಗ್‌ಆರಲ್ ಕಾ’ ಎಂದರೆ ಆಕ್ಷೇಪದ ಮೊನಚು ತಗ್ಗಿ ಮರುಕ ಸೇರಿಕೊಳ್ಳುತ್ತದೆ. ‘ಹಿನ್ದಿ ಮೊ ದಾಪತ್ ಇನಿನೊಮ್ ಇಯೊನ್’ ಎಂದರೆ ನೀನು ಅದನ್ನು ಕುಡಿಯಬಾರದಿತ್ತು.

‘ಕೈಲಾಙನ್’ ಹಾಗಲ್ಲ, ಅದಕ್ಕೆ ತನ್ನದೇ ಕ್ರಿಯಾರೂಪಗಳಿವೆ. ‘ಕಿನೈಲಾಙನ್ ಕೊಙ್ ಉಮಲಿಸ್’ ಎಂದರೆ ನಾನು ಹೊರಡಬೇಕಾಯಿತು, ಹೊರಟೂಬಿಟ್ಟೆ. ‘ಕಕೈಲಙಾನಿನ್ ಮೊ ಆಙ್ ಪಾಯೊಙ್’ ಎಂದರೆ ನಿನಗೆ ಕೊಡೆ ಬೇಕಾಗುತ್ತದೆ. ‘ಹೊರಡಬೇಕಿತ್ತು’ ಮತ್ತು ‘ಹೊರಡಬೇಕಾಯಿತು’ ಎಂಬ ಕನ್ನಡದ ಭೇದ ಟಗಾಲೊಗ್‌ನ ‘ದಾಪತ್’ ಮತ್ತು ‘ಕಿನೈಲಾಙನ್’ ಭೇದಕ್ಕೆ ಬಹುಮಟ್ಟಿಗೆ ಸರಿಸಾಟಿಯಾಗಿದೆ. ಕಾಲವನ್ನು ಸೂಚಿಸುವ ‘ಕಹಾಪೊನ್’ (ನಿನ್ನೆ) ಮುಂತಾದ ಪದವಿದ್ದರೆ ಬರಿಯ ‘ಕೈಲಾಙನ್’ ಕೂಡ ನಡೆಯುತ್ತದೆ.

ಅನುಮತಿ ಕೊಟ್ಟದ್ದನ್ನು ವರದಿ ಮಾಡುವಾಗ ‘ಪುವೇದೆ’ ಸಾಲದು. ‘ಪಯಾಗನ್’ ಎಂಬ ಕ್ರಿಯಾಪದ ಬೇಕು. ‘ಪಿನಯಾಗನ್ ಅಕೊ ನಙ್ ದೊಕ್ತೊರ್ ನಾ ಉಮುವಿ’ ಎಂದರೆ ವೈದ್ಯರು ನನಗೆ ಮನೆಗೆ ಹೋಗಲು ಅನುಮತಿ ಕೊಟ್ಟರು. ಅನುಮತಿ ಕೇಳಿ ಹೊರಡುವುದಕ್ಕೆ ‘ಮಗ್‌ಪಆಲಮ್’ ಎನ್ನುತ್ತಾರೆ. ವಿದಾಯಕ್ಕೂ ಅದರಿಂದಲೇ ‘ಪಆಲಮ್’ ಎಂಬ ಮಾತು. ‘ಅಪ್ಪಣೆಯಾದರೆ ಹೊರಡುತ್ತೇನೆ’ ಎನ್ನುವ ನಮ್ಮವರಿಗೆ ಇದು ಅಪರಿಚಿತವೆನಿಸಲಾರದು.

ಅಭ್ಯಾಸದ ಕ್ರಮ

ಒಂದೇ ಸಂದರ್ಭವನ್ನು ಹಿಡಿದು ಎಲ್ಲ ರೂಪಗಳನ್ನೂ ಸುತ್ತಿ ಬರುವುದು ಉತ್ತಮ. ಔಷಧ ಕುಡಿಯುವುದನ್ನು ತೆಗೆದುಕೊಳ್ಳೋಣ. ಔಷಧ ‘ಗಮೊತ್’, ಕುಡಿ ‘ಉಮಿನೊಮ್’ ಅಥವಾ ವಸ್ತುವಿನ ಮೇಲೆ ಗಮನವಿಟ್ಟರೆ ‘ಇನುಮಿನ್’. ಮೊದಲು ರೋಗಿಯ ಪ್ರಶ್ನೆ: ‘ಕೈಲಾಙನ್ ಕೊ ಪೊ ಬಙ್ ಇನುಮಿನ್ ಆಙ್ ಗಮೊತ್?’ ಉತ್ತರ: ‘ಓಪೊ, ಕೈಲಾಙನ್ ಪೊ ನಿನ್ಯೊಙ್ ಇನುಮಿನ್ ಆಙ್ ಗಮೊತ್.’ ಇದನ್ನೇ ‘ದಾಪತ್’ಗೆ ಬದಲಿಸಿ, ‘ಉಮಿನೊಮ್ ನಙ್ ಗಮೊತ್’ ಎಂದು ಕ್ರಿಯಾಪದವನ್ನು ಬದಲಿಸಿ, ಕರ್ತೃ ‘ನಿನ್ಯೊ’ದಿಂದ ‘ಕಯೊ’ಗೆ ಸರಿಯುವುದನ್ನು ಗಮನಿಸಿ: ‘ದಾಪತ್ ಪೊ ಕಯೊಙ್ ಉಮಿನೊಮ್ ನಙ್ ಗಮೊತ್.’ ಆಮೇಲೆ ‘ಹಿನ್ದಿ’ ಸೇರಿಸಿ, ಆಮೇಲೆ ‘ಹುವಗ್’, ಆಮೇಲೆ ನಿನ್ನೆಯ ಮಾತು. ಪ್ರತಿ ಸಲವೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಭಾವದ ಪದ ಯಾವುದು, ಕ್ರಿಯಾಪದದ ಗಮನ ಎಲ್ಲಿದೆ, ಕರ್ತೃ ಯಾವ ಸಾಲಿನವನು. ಅರ್ಥ ಬದಲಾದರೂ ಕರ್ತೃವಿನ ರೂಪ ತಪ್ಪದೆ ಬರತೊಡಗಿದಾಗ ಔಷಧವನ್ನು ಬಿಟ್ಟು ಊಟ, ಪ್ರಯಾಣ, ಕಚೇರಿಯ ಅರ್ಜಿ ಎಂದು ಬೇರೆ ಸಂದರ್ಭಗಳಿಗೆ ಹೋಗಬಹುದು.